ರಂಜನಿ ಎಂದು ಕೂಗುವ ಫೋನು

೧

ಆನೆಯಿಂದ ಶುರು ಮಾಡಲೇ, ಅಂಗಡಿಯಿಂದ ಶುರು ಮಾಡಲೇ?

ಆನೆಯಿಂದ ಶುರು ಮಾಡಿದರೆ ನನಗೆ ಲಾಭ. ನೀವು ಉಸಿರು ಬಿಗಿಹಿಡಿದು ಪುಟ ತಿರುಗಿಸುತ್ತೀರಿ. ಆದರೆ ಆಮೇಲೆ ಒಬ್ಬ ತಾಯಿ, ಒಬ್ಬ ಮಗಳು ಮೊಬೈಲ್ ಅಂಗಡಿಯಲ್ಲಿ ಕೂತು ಜಗಳವಾಡುವುದನ್ನು ಬರೆಯುವಾಗ, ‘ಅದಿರಲಿ, ಆನೆ ಎಲ್ಲಿ?’ ಎನ್ನುತ್ತೀರಿ. ಅಂಗಡಿಯಿಂದ ಶುರು ಮಾಡಿದರೆ ‘ವಯಸ್ಸಾದವರಿಗೆ ಯಾವ ಫೋನು ಒಳ್ಳೆಯದು’ ಎಂಬ ಯೂಟ್ಯೂಬ್ ವಿಡಿಯೋದ ಹಾಗಾಗುತ್ತದೆ. ಅರ್ಧಕ್ಕೇ ಎದ್ದು ಹೋಗುತ್ತೀರಿ.

ಹಾಗಾಗಿ ತಾಯಿಯಿಂದಲೇ ಶುರು ಮಾಡಿದೆ. ಮೊದಲ ಕರಡಿನ ಮೊದಲ ಸಾಲು: ‘ತಿಗನಾರೆಯ ಮುದುಕಿ ಪುಟ್ಟನಂಜಮ್ಮ ದಿನವೂ ಕಾಡಿನ ಅಂಚಿಗೆ ಹಸು ಹೊಡೆದುಕೊಂಡು ಹೋಗುತ್ತಿದ್ದಳು.’

“ಯಾರ್ಲಾ ಮುದುಕಿ?”

(ಇದು ಪುಟ್ಟನಂಜಮ್ಮ. ನಾನು ಬರೆಯಲು ಕೂತರೆ ಸಾಕು, ಪಕ್ಕದಲ್ಲಿ ಕೂತು ತಕರಾರು ತೆಗೆಯುತ್ತಾಳೆ. ನನ್ನ ತಲೆಯೊಳಗೇ ಇರುವವಳು, ಆದರೂ ನನ್ನ ಮಾತು ಕೇಳುವುದಿಲ್ಲ.)

“ವಯಸ್ಸಾಗಿದೆಯಲ್ಲಮ್ಮ?”

“ಆಗೈತೆ. ಅದ್ಕೆ ಮುದುಕಿ ಅಂದ್ಬುಟ್ರೆ ಆಯ್ತಾ? ಅಸ ಮೇಯಿಸೋಳು ಅಂತ ಬರಿ. ಮಾಡೋ ಕೆಲ್ಸ ಬರಿ.”

ಕರಡು ಹರಿದೆ.

೧, ಮತ್ತೆ

ತಿಗನಾರೆಯ ಪುಟ್ಟನಂಜಮ್ಮ ಹಸು ಮೇಯಿಸುವವಳು. ಎರಡು ಹಸು, ಒಂದು ಕರು. ಎಡಗಿವಿ ಸ್ವಲ್ಪ ಮಂದ. ಮಗಳು ಶಿವರಂಜನಿ, ತಮಿಳು ಸೀಮೆಗೆ ಸೇರಿದ ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಬೆಳಿಗ್ಗೆ ಒಬ್ಬಳು ಬಸ್ಸು ಹತ್ತುತ್ತಾಳೆ, ಇನ್ನೊಬ್ಬಳು ಹಸು ಬಿಚ್ಚುತ್ತಾಳೆ. ಸಂಜೆ ಇಬ್ಬರಲ್ಲಿ ಯಾರು ಮೊದಲು ಬಂದರೋ ಅವರು ಒಲೆ ಹಚ್ಚಬೇಕು.

(ಅಳಿಯನ ಬಗ್ಗೆ ಕೇಳಬೇಡಿ. ಅವನನ್ನು ಒಳಗೆ ಬಿಟ್ಟರೆ ಫೋನನ್ನು ಅವನೇ ಆರಿಸಿಬಿಡುತ್ತಾನೆ, ನನಗೆ ಕಥೆಯೇ ಉಳಿಯುವುದಿಲ್ಲ.)

ಒಂದು ಸಂಜೆ ಶಿವರಂಜನಿ ಬಂದಾಗ ಒಲೆ ತಣ್ಣಗಿತ್ತು. ಕೊಟ್ಟಿಗೆ ಖಾಲಿ. ಅವಳು ಕಾಡಿನ ದಾರಿಯ ತನಕ ಹೋಗಿ ಕೂಗಿದಳು, ವಾಪಸು ಬಂದಳು, ಬೀದಿಯವರನ್ನೆಲ್ಲ ಸೇರಿಸಿದಳು. ಅಷ್ಟರಲ್ಲಿ ಕೊರಳಗಂಟೆ ಕೇಳಿಸಿತು. ಹಸುಗಳ ಹಿಂದೆ ಪುಟ್ಟನಂಜಮ್ಮ ಎಂದಿನ ನಡಿಗೆಯಲ್ಲೇ ಬಂದಳು.

“ದಾರೀಲಿ ಆನೆ ನಿಂತಿತ್ತು. ಅದು ಓಗೋವರ್ಗೂ ನಾನೂ ನಿಂತಿದ್ದೆ.”

ಬಸ್ಸು ತಡವಾಯಿತು ಅನ್ನುವ ಹಾಗೆ ಅಂದಳು. ಶಿವರಂಜನಿ ಅವತ್ತು ಊಟ ಮಾಡಲಿಲ್ಲ. ಆ ಭಾನುವಾರ ತಾಯಿಯನ್ನು ಬಸ್ಸು ಹತ್ತಿಸಿ ತಾಳವಾಡಿಗೆ ಕರೆತಂದಳು.

೨

ಸೆಲ್ವಿಯ ಮೊಬೈಲ್ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು. ಪುಟ್ಟನಂಜಮ್ಮ ಸ್ಟೂಲಿನ ಮೇಲೆ ಕೂತಳು. ಶಿವರಂಜನಿ ನಿಂತಳು.

ಸೆಲ್ವಿ ಮೊದಲು ಸ್ಮಾರ್ಟ್‌ಫೋನು ತೆಗೆದಳು. “ಇದ್ರಲ್ಲಿ ಲೊಕೇಶನ್ ಐತೆ ಅಕ್ಕಾ. ಅಮ್ಮ ಎಲ್ಲವ್ರೆ ಅಂತ ನಿಮ್ ಫೋನಲ್ಲೇ ಗೊತ್ತಾಯ್ತದೆ.”

ಪುಟ್ಟನಂಜಮ್ಮ ಗಾಜಿನ ಮೇಲೆ ಹೆಬ್ಬೆರಳು ಎಳೆದಳು. ಅದು ಮಿಸುಕಲಿಲ್ಲ. ಮತ್ತೆ ಎಳೆದಳು. ಒಡೆದು ಒರಟಾಗಿದ್ದ ಆ ಚರ್ಮವನ್ನು ಗಾಜು ಬೆರಳೆಂದು ಒಪ್ಪಲೇ ಇಲ್ಲ. ಮೇಲಾಗಿ ಹಸು ಮೇಯುವ ಹಳ್ಳದ ಕಡೆ ಮಾತಿಗೆ ಹೇಗೋ ಟವರ್ ಸಿಗುತ್ತದೆ, ನೆಟ್ ಸಿಗುವುದಿಲ್ಲ. ಸ್ಮಾರ್ಟ್‌ಫೋನು ಡಬ್ಬಿಗೆ ಹೋಯಿತು.

ಆಮೇಲೆ ಕೀಪ್ಯಾಡ್ ಫೋನು ಬಂತು. ಗುಂಡಿಗಳು ಹುಣಸೆ ಬೀಜದಷ್ಟು ದೊಡ್ಡವು. ತಲೆಯಲ್ಲಿ ಟಾರ್ಚು. ಬೆನ್ನ ಮೇಲೊಂದು ಕೆಂಪು ಗುಂಡಿ. ಅದನ್ನು ಒತ್ತಿ ಹಿಡಿದರೆ ಸೈರನ್ ಬಡಿದುಕೊಂಡು, ಹಾಕಿಟ್ಟ ನಂಬರಿಗೆ ತಾನೇ ಫೋನು ಮಾಡುತ್ತದೆ. ಯಾರಾದರೂ ಕರೆದರೆ ಅವರ ಹೆಸರನ್ನೂ ಕೂಗುತ್ತದೆ. ಸೆಲ್ವಿ ಶಿವರಂಜನಿಯ ಫೋನಿನಿಂದ ಕರೆ ಮಾಡಿ ತೋರಿಸಿದಳು.

“ರಂಜನೀ... ರಂಜನೀ...” ಒಳಗಿನಿಂದ ಒಬ್ಬ ಯಂತ್ರದ ಹೆಂಗಸು ಅರಚಿದಳು. ರಸ್ತೆಯಾಚೆಯ ಟೀ ಅಂಗಡಿಯವರು ತಿರುಗಿ ನೋಡಿದರು.

ಪುಟ್ಟನಂಜಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಇಷ್ಟ್ ಗಟ್ಟಿಯಾಗಿ ಯಾಕ ಕೂಗ್ತದೆ?”

“ನಿನ್ ಎಡಗಿವಿ ಕೇಳಕಿಲ್ವಲ್ಲವ್ವ, ಅದ್ಕೆ.”

“ಸದ್ದಿಲ್ದಂಗೆ ಮಾಡಕಾಯ್ತದಾ ತಾಯಿ?” ಎಂದು ಸೆಲ್ವಿಯನ್ನು ಕೇಳಿದಳು.

“ವೈಬ್ರೇಶನ್‌ಗೆ ಆಕ್ಬೋದಮ್ಮ. ಸುಮ್ನೆ ನಡುಗ್ತದೆ.”

“ಅಂಗೇ ಆಕ್ಕೊಡು.”

“ಬ್ಯಾಡ ಸೆಲ್ವಿ,” ಎಂದಳು ಶಿವರಂಜನಿ. “ನಡುಗುದ್ರೆ ನಿಂಗೆ ಗೊತ್ತಾಗಕಿಲ್ಲ ಅವ್ವ. ನಾನ್ ಮಾಡ್ದಾಗ ನೀನ್ ಎತ್ತದೆ ಓದ್ರೆ ನನ್ ಗತಿ ಏನು?”

“ನಿನ್ ಗತಿಗಾ ಫೋನು, ನನ್ ಗತಿಗಾ?”

ಸೆಲ್ವಿ ಗಾಜಿನ ಕಪಾಟು ಒರೆಸತೊಡಗಿದಳು. ಆಮೇಲೆ ಕೆಂಪು ಗುಂಡಿಗೆ ಯಾರ ನಂಬರು ಎಂಬ ಪ್ರಶ್ನೆ ಬಂತು.

“ಚಿಕ್ಕಸಿದ್ದಂದು ಆಕು,” ಎಂದಳು ಪುಟ್ಟನಂಜಮ್ಮ. ಚಿಕ್ಕಸಿದ್ದ ಅದೇ ಊರಿನವನು, ಅದೇ ಕಡೆ ಆಡು ಮೇಯಿಸುತ್ತಾನೆ.

“ನಾನಿರೋವಾಗ ಸಿದ್ದಣ್ಣಂದ್ಯಾಕ?”

“ನೀ ಬಂದು ಏನ್ ಮಾಡೀಯೆ? ಆನೆ ಮುಂದೆ ನಿಂತ್ಕಂಡು ಅಳ್ತೀಯೆ.”

ಶಿವರಂಜನಿಯ ಮುಖ ಕೆಂಪಾಯಿತು. ಗುಂಡಿಗೆ ತನ್ನ ನಂಬರನ್ನೇ ಹಾಕಿಸಿದಳು. ಸದ್ದನ್ನು ಪೂರ್ತಿ ಏರಿಸಿದಳು.

(ನನ್ನ ಕರಡಿನಲ್ಲಿ ಇಬ್ಬರೂ ಟೀ ಅಂಗಡಿಗೆ ಹೋಗಿ, ಬೋಂಡ ತಿಂದು, ರಾಜಿಯಾಗುತ್ತಾರೆ. ಪುಟ್ಟನಂಜಮ್ಮ ಒಪ್ಪಲಿಲ್ಲ. “ಬಸ್ಸಲ್ಲಿ ಒಂದ್ ಮಾತೂ ಆಡ್ಲಿಲ್ಲ ಕಣ್ಲಾ ನಾವು. ಬೋಂಡ ಎಲ್ಲಿಂದ ತಂದೆ?” ಬೋಂಡ ತೆಗೆದೆ.)

೩

ಮನೆಗೆ ಬಂದ ಮೇಲೆ ಶಿವರಂಜನಿ ಫೋನಿಗೊಂದು ಚೀಲ ಹೊಲಿದಳು. ಬ್ಲೌಸಿನ ಲೈನಿಂಗ್ ಬಟ್ಟೆಯದು, ಎರಡು ಮಡಿಕೆ. ಕತ್ತಿಗೆ ಹಾಕಿಕೊಳ್ಳಲು ಉದ್ದದ ದಾರ. ಪೊದೆಗೆ ಸಿಕ್ಕಿ ಬಿದ್ದುಹೋಗಬಾರದೆಂದು ಬಾಯಿಗೆ ಬಿಗಿಯಾದ ಗಂಟು. ಪುಟ್ಟನಂಜಮ್ಮ ಅದನ್ನು ಕತ್ತಿಗೆ ಹಾಕಿಕೊಂಡಳು. ಮಗಳು ಮಧ್ಯಾಹ್ನ ಕರೆ ಮಾಡಿದರೆ ಹೇಗೋ ಗಂಟು ಬಿಚ್ಚಿ ಎತ್ತುತ್ತಿದ್ದಳು. “ಇವ್ನಿ ಕಣೆ” ಅನ್ನುತ್ತಿದ್ದಳು. ಇಟ್ಟುಬಿಡುತ್ತಿದ್ದಳು. ಆ ಎರಡು ಪದ ಕೇಳಿಸಿದ ಮೇಲೆ ಶಿವರಂಜನಿಯ ಹೊಲಿಗೆ ನೆಟ್ಟಗೆ ಸಾಗುತ್ತಿತ್ತು.

ಈಗ ಆನೆ.

೪

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದ ಶಿವರಂಜನಿಗೆ ಚಿಕ್ಕಸಿದ್ದನಿಂದ ಫೋನು ಬಂತು. ಅವನು ಪಿಸುಗುಡುತ್ತಿದ್ದ.

“ರಂಜನಿ, ನಿಮ್ಮವ್ವ ಎಲ್ಲವ್ಳೆ?”

“ಅಸ ಒಡ್ಕಂಡು ಓಗವ್ಳೆ. ಯಾಕಣ್ಣ?”

“ಒಂಟಿ ಸಲಗ ಅಳ್ಳದ್ ಕಡೆ ಇಳೀತು ಕಣವ್ವ. ಅರಣ್ಯದೋರ್ಗೆ ಏಳಿವ್ನಿ, ಬತ್ತಾವ್ರೆ. ನಾನಿಲ್ಲಿ ಬಂಡೆ ಮ್ಯಾಲಿವ್ನಿ. ಈ ಒತ್ನಲ್ಲಿ ಅವ್ಳು ಅಳ್ಳದಲ್ಲೇ ಕುಂತಿರ್ತಾಳೆ. ನಂಗ್ ಕಾಣ್ತಿಲ್ಲ.”

“ಕೂಗಣ್ಣ!”

“ಕೂಗುದ್ರೆ ಅದು ಎತ್ಲಾಗ್ ನುಗ್ತದೋ.”

“ನಾನ್ ಫೋನ್ ಮಾಡ್ಲಾ?”

“ಗೊತ್ತಾಗ್ತಿಲ್ಲ ಕಣವ್ವ,” ಎಂದ ಚಿಕ್ಕಸಿದ್ದ.

ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ ಎದ್ದು ಓಡಾಡಿದೆ.

ಕರೆ ಮಾಡಿದರೆ, ತಾಯಿಗೆ ಆನೆ ಬಂದದ್ದು ಗೊತ್ತಿಲ್ಲದಿದ್ದರೆ, ಅವಳು ಬದುಕುತ್ತಾಳೆ. ಕರೆ ಮಾಡಿದರೆ, ತಾಯಿ ಆನೆಯ ಹತ್ತಿರವೇ ಎಲ್ಲೋ ಅಡಗಿ ಕೂತಿದ್ದರೆ, ಅವಳ ಕತ್ತಿನಲ್ಲಿ ಆ ಯಂತ್ರದ ಹೆಂಗಸು ಅರಚುತ್ತಾಳೆ.

ಕರೆ ಮಾಡದ ಒಂದು ಕರಡನ್ನೂ ಬರೆದು ನೋಡಿದೆ. ಅದರಲ್ಲಿ ಶಿವರಂಜನಿ ಫೋನು ಕೆಳಗಿಡುತ್ತಾಳೆ. ಅತ್ತ ಪುಟ್ಟನಂಜಮ್ಮ ಹಳ್ಳದಲ್ಲಿ ಕೂತಿದ್ದಾಳೆ, ಮಂದ ಕಿವಿ ಪೊದೆಯ ಕಡೆಗಿದೆ. ಕರು ದೂರ ಹೋಯಿತೆಂದು ಏಳುತ್ತಾಳೆ. ಪೊದೆಯ ಕಡೆಗೇ ನಡೆಯುತ್ತಾಳೆ. ಆ ಕರಡನ್ನು ಅಲ್ಲೇ ಬಿಟ್ಟೆ. ನನ್ನ ಕೈ ಮುಂದೆ ಹೋಗಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಯೋಚಿಸಲು ನಿಮಗೆ ಪುರುಸೊತ್ತಿದೆ. ಅವಳಿಗಿರಲಿಲ್ಲ.

ಅವಳು ಕರೆ ಮಾಡಿದಳು.

ರಿಂಗ್ ಆಯಿತು. ಆಗುತ್ತಲೇ ಇತ್ತು. ತಾಯಿ ಎತ್ತಲಿಲ್ಲ. ಒಮ್ಮೆಲೇ ಕಟ್ಟಾಯಿತು. ಮತ್ತೆ ಮಾಡಿದಳು. ಈ ಸಲ ಒಬ್ಬ ಹೆಂಗಸು ತಮಿಳಿನಲ್ಲಿ, ಬಹಳ ಮೃದುವಾಗಿ, ನೀವು ಕರೆ ಮಾಡಿದ ಫೋನು ಸ್ವಿಚ್ ಆಫ್ ಆಗಿದೆ ಎಂದಳು.

೫

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಸು ಇಳಿಸಿ ವಾಪಸು ಹೊರಟಿದ್ದ ಒಂದು ಗೂಡ್ಸ್ ಆಟೋಗೆ ಅಡ್ಡ ನಿಂತು ಹತ್ತಿದಳು. ಡ್ರೈವರ್ ಏನೋ ಕೇಳಿದ. “ತಿಗನಾರೆ, ಬೇಗ” ಅಂದದ್ದು ಬಿಟ್ಟರೆ ಅವಳು ಬಾಯಿ ಬಿಡಲಿಲ್ಲ.

(ದಾರಿಯುದ್ದಕ್ಕೂ ಅವಳು ಏನು ಯೋಚಿಸಿದಳೆಂದು ಬರೆಯಲು ಹೊರಟೆ. ಒಂದು ಪುಟ ಆಯಿತು. ಎಲ್ಲ ಸುಳ್ಳು ಅನ್ನಿಸಿ ಹೊಡೆದುಹಾಕಿದೆ. ನನಗೆ ಖಾತ್ರಿಯಿರುವುದು ಇಷ್ಟೇ: ಊರು ಹತ್ತಿರ ಬಂದಾಗ ಡ್ರೈವರ್ ಅವಳ ಕೈ ತೋರಿಸಿ, “ಅದ ಒಳಿಕ್ ಮಡಿಕಳವ್ವ, ಗಾಡಿ ಗುಂಡಿಗ್ ಬಿದ್ರೆ ಚುಚ್ಚಾತು” ಅಂದ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಅವಳು ಅಂಗಡಿಯಿಂದ ಹಿಡಿದುಕೊಂಡೇ ಬಂದಿದ್ದಳು.)

ಊರಾಚೆ ಆನೆ ತಡೆಯಲು ತೋಡಿದ ಕಂದಕದ ಹತ್ತಿರ ಜನ ಸೇರಿದ್ದರು. ಅರಣ್ಯ ಇಲಾಖೆಯವರು ಒಳಗೆ ಹೋಗಿ ಪಟಾಕಿ ಹೊಡೆಯುತ್ತಿದ್ದರು. ಒಂದೊಂದು ಸದ್ದಿಗೂ ಕಾಡಿನ ಹಕ್ಕಿಗಳು ಮೇಲೇಳುತ್ತಿದ್ದವು. ಹಸುಗಳು ಬಂದವು. ಕರುವೂ ಬಂತು. ಅವುಗಳ ಹಿಂದೆ ಯಾರೂ ಬರಲಿಲ್ಲ.

ಚಿಕ್ಕಸಿದ್ದ ಬಂಡೆ ಇಳಿದು ಬಂದಿದ್ದ. ಅವನು ಶಿವರಂಜನಿಯ ಮುಖ ನೋಡಲಿಲ್ಲ. “ಅದು ಮ್ಯಾಕ್ ಅತ್ತೋಯ್ತು. ನೋಡವ ಬಾ,” ಎಂದ.

ಇಬ್ಬರೂ ಹಳ್ಳಕ್ಕೆ ಇಳಿದರು. ನೀರಿರಲಿಲ್ಲ, ಬರೀ ಮರಳು, ಕಲ್ಲು. ಮುರಿದ ಬಿದಿರು. ಮರಳಿನಲ್ಲಿ ಮೊರದಗಲದ ಹೆಜ್ಜೆಗಳು. ಒಂದು ಕಡೆ ಚಿಕ್ಕಸಿದ್ದ ಬಗ್ಗಿ ಏನನ್ನೋ ಎತ್ತಿಕೊಂಡ. ಕೆಂಪು ಲೈನಿಂಗ್ ಬಟ್ಟೆ. ಒಳಗೆ ಚೂರುಗಳು ಕಟಕಟ ಅಂದವು. ಶಿವರಂಜನಿ ಅದನ್ನು ಮುಟ್ಟಲಿಲ್ಲ. “ಅವ್ವಾ” ಎಂದಳು. ಮತ್ತೆ ಕೂಗಿದಳು.

ತಿರುವಿನಾಚೆ, ದಡ ಕುಸಿದು ಗುಹೆಯಂತಾಗಿದ್ದ ಕಡೆ, ಪುಟ್ಟನಂಜಮ್ಮ ಕೂತಿದ್ದಳು. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಮಗುವನ್ನು ಇಟ್ಟುಕೊಂಡ ಹಾಗೆ. ಮಣಿಕಟ್ಟು ಊದಿತ್ತು.

“ಅಸ ಬಂದ್ವಾ?” ಎಂದಳು.

“ಬಂದ್ವು.”

“ಕರ?”

“ಕರನೂ ಬಂತು.”

ಅಷ್ಟೇ. ಶಿವರಂಜನಿ ತಾಯಿಯನ್ನು ಎಬ್ಬಿಸಿದಳು.

೬

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಕಟ್ಟು ಹಾಕಿದರು. ನೋಡಲು ಬಂದವರಿಗೆಲ್ಲ ಪುಟ್ಟನಂಜಮ್ಮ ಒಂದೇ ಉತ್ತರ ಕೊಟ್ಟಳು: “ಜಾರ್ ಬಿದ್ದೆ.” ಫೋನಿನ ಮಾತು ಎತ್ತಲಿಲ್ಲ. ಶಿವರಂಜನಿ ಕೆಲವು ದಿನ ಅಂಗಡಿಗೆ ಹೋಗುವುದು ಬಿಟ್ಟಳು, ಹಾಲು ಕರೆದಳು, ತಾಯಿಗೆ ಮುದ್ದೆ ಮುರಿದು ಕೊಟ್ಟಳು. ಬೈಗುಳಕ್ಕೆ ಕಾದಳು. ತಾಯಿ ಬೈಯಲಿಲ್ಲ. ‘ನಿನ್ನಿಂದಲೇ’ ಎಂಬ ಒಂದು ಪದ ಬಂದಿದ್ದರೆ ಅವಳು ಅಳಬಹುದಿತ್ತು. ಅದೂ ಬರಲಿಲ್ಲ. ಮನೆಯೊಳಗೆ ಪಾತ್ರೆ ಇಟ್ಟರೂ ಸದ್ದು ದೊಡ್ಡದಾಗಿ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ತಾಯಿಯ ತಲೆ ಬಾಚುತ್ತಿದ್ದಳು. ತಾಯಿಯ ಮುಖ ಬೀದಿಗಿತ್ತು, ಮಗಳ ಮುಖ ತಾಯಿಯ ಬೆನ್ನಿಗೆ. ಹಾಗಿದ್ದಾಗ ಕೇಳುವುದು ಸುಲಭ.

“ಅವ್ವ, ನಾನ್ ಫೋನ್ ಮಾಡಿದ್ಕೇ ಅದು ನಿನ್ ಮ್ಯಾಲ್ ಬಂತಾ?”

ಪುಟ್ಟನಂಜಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

“ನಾ ಅದ ಆಗ್ಲೇ ನೋಡ್ಬುಟ್ಟಿದ್ದೆ. ದಡದ್ ಮ್ಯಾಲೆ ಬಿದ್ರು ಮುರ್ಕಂಡು ತಿಂತಿತ್ತು. ಗಾಳಿ ಅದ್ರ ಕಡೆಯಿಂದ ನನ್ ಕಡೆಗೆ ಬೀಸ್ತಿತ್ತು, ಅದ್ಕೆ ನನ್ ವಾಸ್ನೆ ಸಿಕ್ಕಿರ್ಲಿಲ್ಲ. ಮೆಲ್ಗೆ ಇಂದಿಂದಕ್ಕೆ ಓಯ್ತಿದ್ದೆ. ಆಗ ನೆಪ್ಪಾಯ್ತು. ಸಿದ್ದನ್ ಕಡೆಯಿಂದ ಸುದ್ದಿ ರಂಜನಿಗೆ ಮುಟ್ತದೆ, ಮುಟ್ಟುದ್ರೆ ಅವ್ಳು ಫೋನ್ ಮಾಡ್ದೆ ಇರಕಿಲ್ಲ ಅಂತ. ಚೀಲ ಬಿಚ್ಚಕ್ ನೋಡ್ದೆ. ನೀ ಆಕಿದ್ ಗಂಟು ಆ ಆತ್ರಕ್ಕೆ ಬುಡುಸ್ಕಳ್ಲಿಲ್ಲ. ದಾರನೇ ತಲೆ ಮ್ಯಾಲಿಂದ ಎಳ್ಕಂಡೆ. ಕೈಗ್ ಬತ್ತಿದ್ದಂಗೇ ಕೂಗಕ್ಕಿಡೀತು.”

ಬಾಚಣಿಗೆ ನಿಂತಿತ್ತು.

“ಎಸ್ದುಬುಟ್ಟೆ, ದೂರ. ಅದು ದಡ ಇಳ್ಕಂಡು ಸದ್ದಿನ್ ಕಡೆಗ್ ಬಂತು. ನಾ ಕಲ್ಲಿನ್ ಮರೇಲಿ ಮಲೀಕಂಡಿದ್ದೆ. ಅಂಗೇ ಇದ್ದಿದ್ರೆ ನಂಗೇನೂ ಆಯ್ತಿರ್ಲಿಲ್ಲ.”

“ಮತ್ತೆ?”

“ಅದು ನಿನ್ ಎಸ್ರ ಕೂಗ್ತಾನೇ ಇತ್ತಲ್ಲ ಮಗ. ರಂಜನಿ, ರಂಜನಿ ಅಂತ. ಆನೆ ಕಾಲೆತ್ತಿ ಅದ್ರ ಮ್ಯಾಲಿಕ್ತು. ಎಸ್ರು ಅರ್ದಕ್ಕೇ ನಿಂತೋಯ್ತು. ನಂಗ್ ತಡಿಯಕ್ಕಾಗ್ಲಿಲ್ಲ. ಎದ್ದು ನಿಂತ್ಕಂಡು ಕಿರುಚ್ಬುಟ್ಟೆ.”

“ಏನಂತ?”

“ಬುಡ್ಲಾ ಅವ್ಳ, ಅಂತ.”

ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಅವರು ದಾಟುವವರೆಗೆ ಪುಟ್ಟನಂಜಮ್ಮ ಕಾದಳು.

“ತಿರುಕ್ಕಂತು. ಓಡ್ದೆ. ತಿರುವಲ್ಲಿ ಕಾಲ್ ಜಾರಿ ಗುಂಡಿಗ್ ಬಿದ್ದೆ. ಅಷ್ಟೊತ್ಗೆ ಪಟಾಕಿ ಸದ್ದಾಯ್ತು, ಅದು ಓಯ್ತು. ಪ್ಲಾಸ್ಟಿಕ್ಕು ಅಂತ ಗೊತ್ತಿತ್ತು ಕಣವ್ವ. ಅಂಗ್ಡೀಲಿ ನಾನೇ ನೋಡಿದ್ನಲ್ಲ. ಆದ್ರೂ.”

ಶಿವರಂಜನಿ ತಾಯಿಯ ಬೆನ್ನಿಗೆ ಹಣೆಯೊತ್ತಿದಳು. ಅರ್ಧ ಬಾಚಿದ ಕೂದಲು ಅವಳ ಮುಖದ ಮೇಲೆ ಬಿತ್ತು. ಪುಟ್ಟನಂಜಮ್ಮ ಬೀದಿಯನ್ನೇ ನೋಡುತ್ತಿದ್ದಳು.

೭

ಇಲ್ಲಿಗೆ ಮುಗಿಸಬಹುದು. ಬರೆಯುವ ಗೆಳೆಯರಿಗೆ ತೋರಿಸಿದರೆ ‘ಇಲ್ಲೇ ನಿಲ್ಲಿಸು ಮಾರಾಯ, ಕೈ ಮುಗಿತೀನಿ’ ಅನ್ನುತ್ತಾರೆ. ನನಗೂ ಆಸೆಯಿತ್ತು.

“ಮಾರ್ನೆ ದಿನ ನಾವ್ ಕಿತ್ತಾಡ್ಲಿಲ್ವಾ? ಅದ ಯಾರ್ ಬರೀತಾರೆ?” ಎಂದಳು ಪುಟ್ಟನಂಜಮ್ಮ.

ಕಿತ್ತಾಡಿದರು. ಮಾರನೆಯ ದಿನವೇ. ಹಸು ಮಾರಿಬಿಡೋಣ ಎಂದಳು ಶಿವರಂಜನಿ.

“ಅಂಗಾದ್ರೆ ನೀನೂ ಮಿಶಿನ್ ಮಾರು. ನೀ ಓಗೋ ಬಸ್ಸು ದಿನಾ ಆ ತಿರುವಲ್ಲಿ ವಾಲ್ತದಲ್ಲ, ನಾನೇನ್ ನಿನ್ ಕತ್ಗೆ ಗಂಟೆ ಕಟ್ಟಿದ್ನಾ?”

“ನಾನೇನ್ ಅಸನಾ ಗಂಟೆ ಕಟ್ಸ್ಕಳಕ್ಕೆ?”

“ನಾನೇನ್ ಅಸನಾ?”

ಶಿವರಂಜನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪುಟ್ಟನಂಜಮ್ಮ ಹೊರಗೆ ಕೂತು ಒಂದೇ ಕೈಯಲ್ಲಿ ಕರುವಿನ ಮೈಯಿಂದ ಉಣ್ಣಿ ಹುಳ ಹೆಕ್ಕಿದಳು. ಜಗಳ ಯಾರೂ ಗೆಲ್ಲದೆ ದಿನಗಟ್ಟಲೆ ನಡೆಯಿತು. ಕಟ್ಟು ಬಿಚ್ಚಿದ ಮೇಲೂ ನಡೆದೇ ಇತ್ತು.

ಹಾಗಾಗಿ ಮುಕ್ತಾಯಗಳನ್ನು ಹುಡುಕಿದೆ. ಒಂದರಲ್ಲಿ ಶಿವರಂಜನಿ ಒಬ್ಬಳೇ ಸೆಲ್ವಿಯ ಅಂಗಡಿಗೆ ಹೋಗಿ ಅಂಥದೇ ಫೋನು ತಂದು, ಸದ್ದು ತೆಗೆಸಿ, ಕೆಂಪು ಗುಂಡಿಗೆ ಚಿಕ್ಕಸಿದ್ದನ ನಂಬರು ಹಾಕಿಸಿ ಗೂಡಿನಲ್ಲಿಡುತ್ತಾಳೆ. (ತಂದದ್ದು ನಿಜ, ಗೂಡಿನಲ್ಲಿಟ್ಟದ್ದೂ ನಿಜ. ಪುಟ್ಟನಂಜಮ್ಮ ಅದನ್ನು ಇನ್ನೂ ಮುಟ್ಟಿಲ್ಲ. ಮುಟ್ಟುತ್ತಾಳೆಂದು ನಾನು ಬರೆದರೆ ಬರಿಯ ಜಾಹೀರಾತಾಗುತ್ತದೆ.) ಇನ್ನೊಂದರಲ್ಲಿ ಹಸು ಮಾರುತ್ತಾರೆ, ಪುಟ್ಟನಂಜಮ್ಮ ಕಿಟಕಿಯ ಹತ್ತಿರ ಕೂತು ಕಾಡು ನೋಡುತ್ತಾಳೆ. ಇದನ್ನು ಓದಿದ್ದೇ ಅವಳು ಎದ್ದುನಿಂತಳು.

“ನನ್ ಮನೇಗ್ ಆ ಕಡೆ ಕಿಟಕಿನೇ ಇಲ್ಲ. ನಿಂಗೆ ಕತೆ ಮುಗುಸೋ ಅರ್ಜೆಂಟು. ನೀ ಮುಗುಸ್ಬುಟ್ರೆ ನಾಳೆ ನನ್ ಅಸ ಯಾರ್ ಮೇಯಿಸ್ತಾರೆ?”

ಅದನ್ನೂ ಹರಿದೆ. ಆದದ್ದನ್ನು ಮಾತ್ರ ಹೇಳುತ್ತೇನೆ.

ಒಂದು ಬೆಳಿಗ್ಗೆ ಪುಟ್ಟನಂಜಮ್ಮ ಹಸು ಬಿಚ್ಚಿದಳು. ಶಿವರಂಜನಿ ಬಸ್ಸಿಗೆ ಹೊರಡಲಿಲ್ಲ. ತಲೆಗೊಂದು ಟವೆಲ್ ಸುತ್ತಿ ಬಾಗಿಲು ಎಳೆದುಕೊಂಡಳು.

“ಅಂಗ್ಡಿ?”

“ಇವತ್ತು ತಗ್ಯಕಿಲ್ಲ. ನೀ ದಿನಾ ಎಲ್ಲ್ ಕುಂತ್ಕತೀಯೆ, ತೋರ್ಸು.”

“ತೋರ್ಸದೇನು. ಕಲ್ಲು, ಮರಳು.”

“ತೋರ್ಸು ಅಂದೆ.”

ಪುಟ್ಟನಂಜಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೇಡ ಅನ್ನಲಿಲ್ಲ, ಬಾ ಅನ್ನಲಿಲ್ಲ. ಕರುವಿನ ಹಗ್ಗವನ್ನು ಅವಳ ಕೈಗೆ ಕೊಟ್ಟಳು.

ಕಂದಕ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಹಳ್ಳ. ಅವರು ಬಲಕ್ಕೇ ಹೋಗಲೆಂದು ನಾನು ಕೊನೆಯ ಪ್ಯಾರಾವನ್ನು ಬರೆದಿಟ್ಟುಕೊಂಡಿದ್ದೆ. ಒಣ ಹಳ್ಳ, ಮುರಿದ ಬಿದಿರು, ತಾಯಿ ಮಗಳು ಅಕ್ಕಪಕ್ಕ. ಚೆನ್ನಾಗಿತ್ತು. ಪುಟ್ಟನಂಜಮ್ಮ ಅಲ್ಲಿ ನಿಂತಳು. ಒಂದು ಹಿಡಿ ಮಣ್ಣೆತ್ತಿ ಗಾಳಿಗೆ ಬಿಟ್ಟಳು, ಅದು ಹಳ್ಳದ ಕಡೆಗೇ ಹಾರುವುದನ್ನು ನೋಡಿದಳು. “ಇವತ್ತು ಆ ಕಡೆ ಬ್ಯಾಡ,” ಎಂದು ಎಡಕ್ಕೆ ತಿರುಗಿದಳು.

“ಯಾಕವ್ವ?” ಎಂದಳು ಶಿವರಂಜನಿ.

ಪುಟ್ಟನಂಜಮ್ಮ ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಕರುವನ್ನು ನಡುವೆ ಇಟ್ಟುಕೊಂಡು, ನಾನು ಇನ್ನೂ ಬರೆದಿರದ ಕಡೆಗೆ ನಡೆದರು.